ಬಾಟಲಿ ಬಾಳೆಯ ಸರ್ವಮಂಗಳಾ ಮೇಡಂ

ಸರ್ವಮಂಗಳಾ ಮೇಡಂ ನಡೆಯುವಾಗ ಮೊಣಕೈಗಳೆರಡೂ ಮೈಯಿಂದ ಗೇಣು ದೂರವಿರುತ್ತವೆ. ಹಸ್ತಗಳು ಯಾವುದನ್ನೂ ಮುಟ್ಟದೆ ಎದೆಮಟ್ಟದಲ್ಲಿ ತೇಲುತ್ತವೆ. ವಿಶ್ವವಿದ್ಯಾನಿಲಯದ ಅಂಗಾಂಶ ಕೃಷಿ ಪ್ರಯೋಗಾಲಯದಲ್ಲಿ ಬಾಳೆಯ ಎಳೆಮೊಳಕೆಗಳನ್ನು ಗಾಜಿನ ಬಾಟಲಿಗಳೊಳಗೆ ಸಾಕುತ್ತ ಅರ್ಧ ಆಯಸ್ಸು ಕಳೆದ ಮೇಲೆ ಬಂದ ನಡಿಗೆ ಅದು. ನರಸೀಪುರದಲ್ಲಿ ನಂಜನಗೂಡಿನ ಬಸ್ ಹತ್ತುವಾಗಲೂ ಕಂಬಿಗೆ ಮೊಣಕೈಯನ್ನೇ ಕೊಡುತ್ತಾರೆ. ಮಡಿಯೆಂದರೆ ಮಡಿ, ಆದರೆ ಈ ಮಡಿಗೆ ಜಾತಿ ಗೊತ್ತಿಲ್ಲ, ಬೂಷ್ಟು ಮಾತ್ರ ಗೊತ್ತು. ಒಂದು ಚುಕ್ಕೆ ಬೂಷ್ಟು ಕಂಡರೂ ತಿಂಗಳುಗಟ್ಟಲೆ ಸಾಕಿದ ಬಾಟಲಿಯನ್ನು ನಿಟ್ಟುಸಿರೂ ಇಲ್ಲದೆ ಆಚೆಗೆ ಹಾಕಿಸುತ್ತಾರೆ. ತರಬೇತಿಗೆ ಬಂದ ಹುಡುಗಿಯರು ಬೆನ್ನ ಹಿಂದೆ ಇಟ್ಟ ಹೆಸರು ‘ಸರ್ವನಾಶ ಮೇಡಂ’. ಕಿವಿಗೆ ಬಿದ್ದಾಗ, ‘ಸದ್ಯ, ಸರ್ವನಾಮ ಅನ್ನಲಿಲ್ಲವಲ್ಲ, ವ್ಯಾಕರಣ ನನಗಾಗದು’ ಅಂದರಂತೆ.

ದೇವನೂರಿನ ಮಂಚಮ್ಮನ ಹೊಲದಲ್ಲಿ ಅವರ ಅತ್ತೆ ನೆಟ್ಟ ರಸಬಾಳೆಯ ಒಂದೇ ಒಂದು ಗುಂಪು ಉಳಿದಿತ್ತು. ಸುತ್ತಲ ತೋಟಗಳನ್ನೆಲ್ಲ ಸೊರಗು ರೋಗ ತಿಂದು ಮುಗಿಸಿತ್ತು. ‘ನನ್ ಕಾಲಕ್ಕೇ ಇದು ಮುಗ್ದೋಗ್ಬಾರ್ದು ಕಣವ್ವ’ ಎಂದು ಮಂಚಮ್ಮ ಗುಂಪಿನ ಬುಡದಿಂದ ಒಂದು ಕಂದನ್ನು ಅಗೆದು ಮೇಡಂ ಕೈಗಿಟ್ಟರು. ಅದರ ಸುಳಿ ಬಾಟಲಿಯಲ್ಲಿ ಮರಿಯೊಡೆದು, ನೆರಳುಮನೆಯಲ್ಲಿ ಬಲಿತು, ಮರುವರ್ಷ ಸಸಿಗಳಾಗಿ ದೇವನೂರಿಗೆ ಮರಳಿತು. ‘ಹಳೇ ಜಾಗದಲ್ಲಿ ನೆಡಬೇಡಿ, ಆ ಮಣ್ಣಲ್ಲೇ ರೋಗ ಇರಬಹುದು’ ಎಂದು ಮೇಡಂ ಹೇಳಿದ್ದರು. ಮಂಚಮ್ಮ ತಲೆಯಾಡಿಸಿದ್ದರು.

ಮಳೆಗಾಲದಲ್ಲಿ ಮೇಡಂ ನೋಡಲು ಹೋದರೆ ಅಷ್ಟೂ ಸಸಿಗಳು ಹಳೆಯ ಗುಂಪಿನ ಸುತ್ತಲೇ! ಗುಂಪಿನ ಎಲೆಗಳೋ, ಹಳದಿಯಾಗಿ ಜೋತುಬಿದ್ದಿದ್ದವು.

‘ಇದೇನು ಮಾಡಿದ್ರಿ ಮಂಚಮ್ಮ?’

‘ತಾಯಿ ಮಕ್ಳು ಬ್ಯಾರೆಯಾಗಿ ಏಸ್ ದಿನ ಆಗಿತ್ತವ್ವ! ಒಂದ್ಕಡೆ ಇರ್ಲಿ ಅಂದೆ.’

ಮೇಡಂ ಹಳೆಯ ಬಾಳೆಯ ದಿಂಡನ್ನು ಕುಡುಗೋಲಿನಿಂದ ಸೀಳಿದರು. ಒಳಗೆ ಸೊರಗು ರೋಗದ ಕೆಂಗಂದು ಗೆರೆಗಳು. ಸೆರಗು ಸಿಕ್ಕಿಸಿ, ಬಗ್ಗಿ, ಸಸಿಗಳನ್ನು ಒಂದೊಂದಾಗಿ ಕಿತ್ತರು. ಗುಂಪನ್ನೂ ಬುಡಸಮೇತ ಕಡಿಸಬೇಕೆಂದರು.

ಮಂಚಮ್ಮ ಬದುವಿನ ಮೇಲೆ ಕುಸಿದರು. ‘ಕೈ ಎಂಗ್ ಬತ್ತವ್ವಾ ನಿಂಗೆ? ಎತ್ತ ಕರುಳಾಗಿದ್ರೆ ಗೊತ್ತಾಗ್ತಿತ್ತು!’

ಮೇಡಂ ಮಣ್ಣುಗೈಯಲ್ಲೇ ಕಣ್ಣೊರೆಸಿಕೊಂಡರು. ‘ಇದೇ ಬಾಳೆಯ ಮರಿಗಳು ಬಾಟಲಿಯಲ್ಲಿ ಇನ್ನೂ ಇವೆ. ಬಾಳೆ ಕಾಣದ ಮಣ್ಣು ಎಲ್ಲಿದೆ ನಿಮ್ಮ ಹತ್ರ?’ ಎಂದರು.

ಮಂಚಮ್ಮ ಮೂಗು ಸೀಟಿದರು. ‘ಬಾಗ್ಲು ಮುಂದ್ಲ ಅಂಗ್ಳ ಐತೆ. ಓದೊರ್ಸ ಸಿಮೆಂಟ್ ಆಕ್ಸಿದ್ದೆ. ಒಡ್ದಾಕ್ತೀನಿ ಬುಡು.’

ಈಗ ಆ ಮನೆಗೆ ಹೋಗುವವರು ಬಾಳೆಗಿಡಗಳನ್ನು ಬಳಸಿಕೊಂಡೇ ಹೊಸಿಲು ದಾಟಬೇಕು.

ನೆಡುವವರಿಗೆ ನೆರಳು, ಹಣ್ಣು, ಹೆಸರು ಎಲ್ಲವೂ ಉಂಟು. ವೇಳೆಯರಿತು ಕಿತ್ತು, ಅದಕ್ಕಾಗಿ ಬೈಸಿಕೊಂಡು, ಬೈದವರ ಬಾಗಿಲಿಗೇ ಮತ್ತೆ ಸಸಿ ಹೊತ್ತು ಬರುವ ಜೀವಗಳೂ ಕೆಲವು ಇರುತ್ತವೆ. ಅವರ ಅಂತಃಕರಣ ನಮಗೆ ಕಾಣಲು ಒಂದು ಗೊನೆ ಬಲಿಯುವಷ್ಟಾದರೂ ಕಾಲ ಹಿಡಿಯುತ್ತದೆ.