ತುರಿಕೆಯ ಕಾಲದಲ್ಲಿ ಕುದುರೆ ನೋಡಿ

ನಮ್ಮ ಲಾಯದ ಬಾಗಿಲ ಕಂಬ ಕೈಯಿಟ್ಟರೆ ಜಾರುವಷ್ಟು ನುಣುಪು. ಯಾರೂ ಉಜ್ಜಿ ಮಾಡಿದ್ದಲ್ಲ. ನಮ್ಮ ಹೆಣ್ಣು ಕುದುರೆ ಗೆಜ್ಜೆ ವರ್ಷ ವರ್ಷ ಕತ್ತು ತಿಕ್ಕಿ ತಿಕ್ಕಿ ಹಾಗಾಗಿದೆ. ಸೆಕೆ ಶುರುವಾಗಿ ಒಂದೆರಡು ಮಳೆ ಬಿದ್ದು ಲಾಯದ ಹಿಂದೆ ಕೆಸರು ನಿಂತಿತೆಂದರೆ ಅವಳಿಗೆ ತುರಿಕೆ ಹತ್ತಿತು ಅಂತಲೇ ಲೆಕ್ಕ. ಜೂಲು ಉದುರುತ್ತದೆ, ಬಾಲದ ಬುಡ ಬೋಳಾಗುತ್ತದೆ. ಚಳಿ ಬಂದರೆ ಮತ್ತೆ ಎಲ್ಲ ಬೆಳೆಯುತ್ತದೆ. ಗಾಡಿ ಹೂಡುವವರ ಓಣಿಯಲ್ಲಿ ಇದು ಹೊಸದೇನಲ್ಲ. ನಿಮ್ಮ ಮನೆಯಲ್ಲೂ ಇಂಥದ್ದೊಂದು ಇದ್ದೀತು. ಯಾರೂ ಬಾಯಿ ಬಿಡುವುದಿಲ್ಲ, ಅಷ್ಟೇ.

"ಚರ್ಮ ಸ್ವಲ್ಪ ಸೂಕ್ಷ್ಮ. ಒಳ್ಳೆ ತಳಿ ಅಲ್ವಾ" ಎನ್ನುವುದು ನಮ್ಮ ಮಾವನ ಮಾತು. ಮಾವ ಈ ಓಣಿಯ ಹಳೆಯ ಗಾಡಿಯವರು. ಕಣ್ಣು ಮುಚ್ಚಿಕೊಂಡು ಕಾಲು ತಡವಿದರೆ ಸಾಕು, ಕುದುರೆಯ ವಯಸ್ಸು ಹೇಳುತ್ತೇನೆ ಎನ್ನುತ್ತಾರೆ. ಒಮ್ಮೊಮ್ಮೆ ಸರಿಯಾಗಿಯೂ ಹೇಳುತ್ತಾರೆ.

ಮಾವನ ಮಗಳನ್ನು, ಅಂದರೆ ನಮ್ಮವರ ಅಕ್ಕನನ್ನು, ಕೊಟ್ಟಿರುವುದು ಪೇಟೆಯ ಆಚೆ ತುದಿಯ ಮರದ ಅಡ್ಡೆಯವರಿಗೆ. ಆ ಭಾವನ ಹತ್ತಿರ ಒಂದು ಬೀಜದ ಕುದುರೆ ಇದೆ. ಅದರ ನಡಿಗೆ ನೋಡಿ ಎಲ್ಲರೂ ಸಾಹೇಬ ಅಂತ ಕರೆಯುತ್ತಾರೆ. ನಮ್ಮ ಕಸುಬಿನಲ್ಲಿ ಜೋಡಿ ನೋಡುವುದು ಚಳಿ ಮುಗಿಯುವ ಹೊತ್ತಿಗೆ. ಹೆಣ್ಣು ಕುದುರೆ ಬೆದೆಗೆ ಬರುವುದೂ ಆಗಲೇ, ಎಲ್ಲದರ ಮೈ ಮಿರಮಿರ ಮಿಂಚುವುದೂ ಆಗಲೇ. ಅಂಥ ಒಂದು ಬೆಳಗ್ಗೆ ಮಾವ ಗೆಜ್ಜೆಯ ಜೂಲು ಬಾಚಿ ಅಳಿಯನ ಮನೆಗೆ ಹೊಡೆದುಕೊಂಡು ಹೋದರು. ಸಾಹೇಬನ ಜೂಲು ಭುಜ ಮುಟ್ಟುತ್ತಿತ್ತಂತೆ. ಭಾವ ಗೆಜ್ಜೆಯನ್ನು ಹೊಗಳಿದರು, ಮಾವ ಸಾಹೇಬನನ್ನು ಹೊಗಳಿದರು. ಬೇರೇನೂ ಯಾರೂ ಕೇಳಲಿಲ್ಲ.

ಹುಟ್ಟಿದ್ದು ಹೆಣ್ಣು ಮರಿ. ತುಂಟಿ ಅಂತ ಕರೆದೆವು. ತೊಟ್ಟಿಯ ನೀರು ಕುಡಿಯುವ ಮೊದಲು ಅದರಲ್ಲಿ ಮೂಗಿನಿಂದ ಗುಳ್ಳೆ ಎಬ್ಬಿಸಬೇಕು, ನಾನು ಒಣಹಾಕಿದ ಬಟ್ಟೆ ಎಳೆದುಕೊಂಡು ಓಡಬೇಕು. ಮೈಯಲ್ಲಿ ಒಂದು ಗುಳ್ಳೆ ಇಲ್ಲ, ಒಂದು ಕಲೆ ಇಲ್ಲ. "ನೋಡಿ, ಸಾಹೇಬನ ರಕ್ತ" ಎಂದು ಮಾವ ಬಂದವರಿಗೆಲ್ಲ ತೋರಿಸಿದರು.

ತುಂಟಿಯನ್ನು ಗಾಡಿಯ ಮೂಕಿಗೆ ಕಟ್ಟಿ ಎಳೆಯಲು ಕಲಿಸುವ ವಯಸ್ಸು ಬಂದ ವರ್ಷವೇ ತುರಿಕೆಯೂ ಬಂತು. ತಾಯಿಗಿಂತ ಹೆಚ್ಚು. ಹೊಟ್ಟೆಯ ಕೆಳಗೆ ಗಂಟುಗಂಟಾಗಿ ಎದ್ದಿತು. ಕತ್ತಿನ ಮೇಲೆ ಜೂಲು ಇದ್ದ ಜಾಗ ಹಸಿ ಹಸಿಯಾಯಿತು. ಬಾಲವನ್ನು ಗೋಡೆಗೆ ಒತ್ತಿ ಉಜ್ಜಿ ಸುಣ್ಣದ ಮೇಲೆ ರಕ್ತದ ಪಟ್ಟೆ ಎಳೆದಳು. ಸಂಜೆ ನಾನು ಹುಲ್ಲು ಹಾಕಲು ಹೋದರೆ ತಾಯಿ ಮಗಳು ಎದುರುಬದುರು ನಿಂತು, ಒಬ್ಬರ ಕತ್ತನ್ನು ಒಬ್ಬರು ಹಲ್ಲಿನಿಂದ ಕೆರೆಯುತ್ತಿದ್ದರು. ಪ್ರೀತಿಯಿಂದಲೇ ಕೆರೆಯುತ್ತಿದ್ದರು. ಇಬ್ಬರ ಬಾಯಲ್ಲೂ ರಕ್ತ. ನನ್ನ ಮಗಳಿಗೆ ಅಮ್ಮ ಬಂದು ಮೈತುಂಬ ಗುಳ್ಳೆ ಎದ್ದಾಗ ರಾತ್ರಿಯೆಲ್ಲ ಅವಳ ಕೈ ಹಿಡಿದು ಕೂತಿದ್ದೆ, ಕೆರೆದುಕೊಳ್ಳದ ಹಾಗೆ. ಕುದುರೆಯ ಏನನ್ನು ಹಿಡಿದು ಕೂರಲಿ?

ಮಾವ ಮೊದಲು ತಪ್ಪನ್ನು ಎದುರುಮನೆಯವರ ಕತ್ತೆಯ ಮೇಲೆ ಹಾಕಿದರು. ಅವರು ಇಟ್ಟಿಗೆ ಸಾಗಿಸುವವರು.

"ನಿಮ್ಮ ಕತ್ತೆಯಿಂದ ಅಂಟಿದೆ. ಅದನ್ನ ಆ ಕಡೆ ಕಟ್ಟಿ" ಎಂದರು.

"ನಮ್ಮ ಕತ್ತೆ ಮೈ ಕೆರೆದುಕೊಂಡಿದ್ದನ್ನ ಯಾವತ್ತಾದ್ರೂ ನೋಡಿದ್ದೀರಾ?" ಎಂದಳು ಇಟ್ಟಿಗೆಯವರ ಹೆಂಡತಿ. "ಅದಕ್ಕೆ ನಿಮ್ಮ ಹಾಗೆ ಒಳ್ಳೆ ತಳಿ ಅನ್ನೋ ರೋಗ ಇಲ್ಲ."

ಆಮೇಲೆ ಮಾವ ಯಾರೋ ಹೇಳಿದರೆಂದು ಲಾರಿಯ ಹಳೇ ಎಂಜಿನ್ ಎಣ್ಣೆ ತಂದು ಹಚ್ಚಿದರು. ತುಂಟಿಯ ಕತ್ತಿನ ಚರ್ಮ ಹಪ್ಪಳಿಕೆಯಾಗಿ ಎದ್ದು ಬಂತು. ಆಗ ನಾನು ಯಾರನ್ನೂ ಕೇಳಲಿಲ್ಲ. ಪಶು ಆಸ್ಪತ್ರೆಗೆ ಹೋಗಿ ಡಾಕ್ಟರಮ್ಮನನ್ನು ಕರೆದುಕೊಂಡು ಬಂದೆ.

ಡಾಕ್ಟರಮ್ಮ ತುಂಟಿಯ ಮೈ ತೊಳೆದು ನೋಡಿದರು, ಲಾಯದ ಹಿಂದೆ ಹೋಗಿ ಕೆಸರು ನೋಡಿದರು, ಗೆಜ್ಜೆಯ ಕತ್ತನ್ನೂ ನೋಡಿದರು.

"ಇದು ಅಂಟುರೋಗ ಅಲ್ಲ. ಕತ್ತೆ ಪಾಪದ್ದು, ಬಿಟ್ಟುಬಿಡಿ" ಎಂದರು. "ಸೊಳ್ಳೆಗಿಂತ ಸಣ್ಣದೊಂದು ನುಸಿ ಇದೆ. ಕೆಸರಲ್ಲಿ ಹುಟ್ಟುತ್ತೆ, ಮುಂಜಾನೆ, ಮುಸ್ಸಂಜೆ ಕಚ್ಚುತ್ತೆ. ಎಲ್ಲ ಕುದುರೆಗೂ ಕಚ್ಚುತ್ತೆ. ಕೆಲವು ಕುದುರೆಗಳ ಮೈ ಮಾತ್ರ ಆ ನುಸಿಯ ಎಂಜಲಿಗೆ ಸಿಡಿದೇಳುತ್ತೆ. ಇದು ಅಲರ್ಜಿ."

"ಹಾಗಾದ್ರೆ ನುಸಿ ಓಡಿಸಿದ್ರೆ ಮುಗೀತು" ಎಂದರು ಮಾವ.

"ಅರ್ಧ ಮುಗೀತು ಯಜಮಾನ್ರೇ. ಇನ್ನರ್ಧ ಹುಟ್ಟಿನಿಂದ ಬರೋದು. ಹಾಗೆ ಸಿಡಿದೇಳೋ ಗುಣ ತಾಯಿ ತಂದೆಯಿಂದ ಮರಿಗೆ ಇಳಿಯುತ್ತೆ."

ಮಾವನ ಮುಖ ಬಿಗಿಯಿತು. "ಗೆಜ್ಜೆಯ ಮೊದಲನೇ ಮರಿ ಸೌದೆ ಡಿಪೋದವರ ಹತ್ತಿರ ಇದೆ. ಅದರ ಅಪ್ಪ ಬೇರೆ ಕುದುರೆ. ಇವತ್ತಿನವರೆಗೆ ಅದಕ್ಕೆ ಒಂದು ಗುಳ್ಳೆ ಎದ್ದಿಲ್ಲ. ತಾಯಿಯಿಂದ ಬರೋದಾದ್ರೆ ಅದಕ್ಕೂ ಬರಬೇಕಿತ್ತಲ್ಲ?"

"ಬರಲೇಬೇಕು ಅಂತಿಲ್ಲ. ಅಪ್ಪ ಅಮ್ಮ ಇಬ್ಬರೂ ಕನ್ನಡಕ ಹಾಕೋರಾದ್ರೆ ಎಲ್ಲ ಮಕ್ಕಳಿಗೂ ಕನ್ನಡಕ ಬರುತ್ತಾ? ಇಲ್ಲ. ಆದ್ರೆ ಬರೋ ಸಾಧ್ಯತೆ ಜಾಸ್ತಿ. ಇದೂ ಹಾಗೆ. ಒಂದೇ ಒಂದು ಜೀನಿನ, ಅಂದ್ರೆ ವಂಶವಾಹಿಯ, ಕೆಲಸ ಅಲ್ಲ ಇದು, ಬಹಳಷ್ಟು ಸೇರಿಕೊಂಡು ಮಾಡೋದು. ಅದಕ್ಕೇ ಒಂದು ಹನಿ ರಕ್ತ ನೋಡಿ, ಈ ಮರಿಗೆ ಬರುತ್ತೆ, ಆ ಮರಿಗೆ ಬರಲ್ಲ ಅಂತ ಹೇಳೋಕೆ ನನ್ನಿಂದ ಆಗಲ್ಲ. ತಾಯಿಗೂ ಇದ್ದು ತಂದೆಗೂ ಇದ್ದರೆ ಅಪಾಯ ಇನ್ನೂ ಹೆಚ್ಚು. ಇವಳ ತಂದೆಗೆ ಇದೆಯಾ?"

"ಅದು ನಮ್ಮ ಅಳಿಯನ ಕುದುರೆ. ಜೂಲು ಭುಜದವರೆಗೆ ಇದೆ. ನಾನೇ ಕಣ್ಣಾರೆ ನೋಡಿದ್ದೀನಿ."

"ಯಾವಾಗ ನೋಡಿದ್ರಿ?"

"ಚಳಿಯಲ್ಲಿ."

"ಚಳಿಯಲ್ಲಿ ನುಸಿ ಎಲ್ಲಿರುತ್ತೆ? ಆಗ ಗೆಜ್ಜೆಯ ಜೂಲೂ ಚೆನ್ನಾಗೇ ಇರುತ್ತೆ" ಎಂದರು ಡಾಕ್ಟರಮ್ಮ. "ಈಗ ಹೋಗಿ ನೋಡಿ."

ಈ ಮಾತು ಮಾವನಿಗೆ ಚುಚ್ಚಿದ್ದಕ್ಕೆ ಕಾರಣವಿತ್ತು. ಮುಂದಿನ ಚಳಿ ಮುಗಿಯುವಾಗ ಗೆಜ್ಜೆಯನ್ನು ಮತ್ತೆ ಸಾಹೇಬನ ಹತ್ತಿರವೇ ತರುತ್ತೇನೆ ಎಂದು ಅವರು ಅಳಿಯನಿಗೆ ಮಾತು ಕೊಟ್ಟಿದ್ದರು. ಇನ್ನೊಂದು ತುಂಟಿ ಹುಟ್ಟಬೇಕೋ ಬೇಡವೋ ಎನ್ನುವುದು ಆ ಒಂದು ಮಾತಿನ ಮೇಲೆ ನಿಂತಿತ್ತು.

ಆ ವಾರ ಅವರು ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ನಾನು ಡಾಕ್ಟರಮ್ಮ ಹೇಳಿದ್ದನ್ನು ಮಾಡುತ್ತಾ ಹೋದೆ. ಬಿಸಿಲು ಇಳಿಯುವ ಮೊದಲೇ ಎರಡನ್ನೂ ಒಳಗೆ ಕಟ್ಟಿದೆ. ಕಿಟಕಿಗೆ ಸಣ್ಣ ಕಣ್ಣಿನ ಬಲೆ ಹೊಡೆಸಿದೆ. ಫ್ಯಾನ್ ಹಾಕಿದೆ, ಆ ನುಸಿಗೆ ಗಾಳಿಗೆ ಎದುರಾಗಿ ಹಾರುವ ಶಕ್ತಿ ಇಲ್ಲವಂತೆ. ಹಳೇ ಹಾಸಿಗೆ ಬಟ್ಟೆ ಹೊಲಿದು ತುಂಟಿಗೆ ಕತ್ತಿನಿಂದ ಬಾಲದವರೆಗೆ ಅಂಗಿ ಮಾಡಿದೆ. ನಮ್ಮವರು ಲದ್ದಿ ದೂರ ಸಾಗಿಸಿ, ಕೆಸರಿನ ನೀರು ಹರಿದುಹೋಗಲು ಕಾಲುವೆ ತೋಡಿದರು. ಗಾಯ ನಿಧಾನಕ್ಕೆ ಒಣಗತೊಡಗಿತು.

ಒಂದು ಬೆಳಗ್ಗೆ ಮಾವ ಚಪ್ಪಲಿ ಮೆಟ್ಟಿಕೊಂಡು, "ನಡಿಯಮ್ಮ, ಅಳಿಯನ ಮನೆಗೆ ಹೋಗಿ ಬರೋಣ. ನಿನ್ನ ಡಾಕ್ಟರಮ್ಮನ ಬಾಯಿ ಮುಚ್ಚಿಸೋಣ" ಎಂದರು.

ಹೇಳದೆ ಕೇಳದೆ ಹೋಗಿದ್ದೆವು. ಅತ್ತಿಗೆ ಬಾಗಿಲಲ್ಲೇ ನಿಂತು, "ಒಳಗೆ ಬನ್ನಿ, ಕೂತ್ಕೊಳ್ಳಿ, ಲಾಯ ಗಲೀಜಾಗಿದೆ" ಎಂದರು. ಮಾವ ಕೂರಲಿಲ್ಲ. ಮರದ ದಿಮ್ಮಿಗಳನ್ನು ದಾಟಿಕೊಂಡು ನೇರ ಹಿತ್ತಲಿಗೆ ನಡೆದರು.

ಸಾಹೇಬನ ಜೂಲು ಇರಲಿಲ್ಲ. ಬುಡದವರೆಗೆ ಕತ್ತರಿಸಿದ್ದರು.

ಭಾವ ಗರಗಸದ ಹೊಟ್ಟು ಕೊಡವಿಕೊಳ್ಳುತ್ತಾ ಬಂದರು. "ಸೆಕೆ ನೋಡಿ ಮಾವ, ಅದಕ್ಕೇ ತೆಗೆಸಿದೆ. ಈಗೆಲ್ಲ ಇದೇ ಸ್ಟೈಲ್."

ಮಾವ ಹತ್ತಿರ ಹೋದರು. ಸಾಹೇಬನ ಕತ್ತಿನ ಮೇಲೆ ಕೈಯಾಡಿಸಿದರು. ಅಲ್ಲಿ ಚರ್ಮ ಆನೆಯ ಚರ್ಮದ ಹಾಗೆ ದಪ್ಪಗೆ, ಮಡಿಕೆ ಮಡಿಕೆಯಾಗಿತ್ತು. ಒಂದು ಮಡಿಕೆಯಲ್ಲಿ ಇನ್ನೂ ಹಸಿ ಗಾಯ. ಆ ಕುದುರೆ ಕೈಗೆ ಕತ್ತು ಒತ್ತಿಕೊಂಡು, ಕೆರೆಯಿರಿ ಎನ್ನುವಂತೆ ತುಟಿ ಅಲುಗಿಸುತ್ತಾ ನಿಂತಿತು.

"ಎಷ್ಟು ವರ್ಷದಿಂದ?" ಎಂದು ಮಾವ ಮಗಳನ್ನು ಕೇಳಿದರು.

ಅತ್ತಿಗೆ ಗಂಡನ ಮುಖ ನೋಡಿದರು. "ನಾನು ಈ ಮನೆಗೆ ಬಂದಾಗಿನಿಂದ."

"ನನಗ್ಯಾಕೆ ಹೇಳಲಿಲ್ಲ?"

"ನೀನು ಗೆಜ್ಜೆ ವಿಷಯ ಇವರಿಗೆ ಹೇಳಿದ್ಯಾ ಅಪ್ಪಾ? ಬಾಚಿ ಕರ್ಕೊಂಡು ಬಂದೆ. ನಾನು ಆ ಮನೆಯಲ್ಲೇ ಬೆಳೆದವಳು, ಅವಳು ಕೆರೆದುಕೊಳ್ಳೋದನ್ನ ನೋಡಿದವಳು. ತವರಿನ ಮರ್ಯಾದೆ ಅಂತ ಇಲ್ಲಿ ಸುಮ್ಮನಿದ್ದೆ, ಗಂಡನ ಮರ್ಯಾದೆ ಅಂತ ಅಲ್ಲಿ ಸುಮ್ಮನಿದ್ದೆ."

ಮಾವ ಅಳಿಯನ ಕಡೆ ತಿರುಗಿ, "ನಿಮ್ಮ ಕುದುರೆ ಸೇರಿದ್ರೆ ನಮ್ಮದು ಸರಿಹೋಗುತ್ತೆ ಅಂದ್ಕೊಂಡಿದ್ದೆ" ಎಂದರು.

"ನಾವೂ ಅದನ್ನೇ ಅಂದ್ಕೊಂಡಿದ್ದು" ಎಂದರು ಭಾವ.

ಎರಡು ಮನೆಯ ದೊಡ್ಡವರಿಗೂ ಗೊತ್ತಿತ್ತು. ಗೊತ್ತಿಲ್ಲದೆ ಅನುಭವಿಸುತ್ತಿರುವವಳು ತುಂಟಿ ಒಬ್ಬಳೇ.

ಹೊರಡುವಾಗ ಮಾವ, "ಗೆಜ್ಜೆಯನ್ನ ತರೋದಿಲ್ಲ. ನೀವೂ ಇವನನ್ನ ಇನ್ನು ಬೀಜಕ್ಕೆ ಬಿಡಬೇಡಿ" ಎಂದರು.

ಭಾವ ನಕ್ಕರು. "ನಿಮಗೆ ಬೇಡ ಅಂದ್ರೆ ಬೇಡ ಮಾವ. ಕಾಯೋರು ಬಹಳ ಜನ ಇದ್ದಾರೆ. ಆದ್ರೆ ಈ ಮಾತು ಈ ಹಿತ್ತಲು ದಾಟಬಾರದು."

ದಾಟಿತು. ಮಾವನೇ ದಾಟಿಸಿದರು. ಗಾಡಿ ನಿಲ್ದಾಣದಲ್ಲಿ ಕೂತು, ಬಂದವರಿಗೆಲ್ಲ ತಮ್ಮ ಗೆಜ್ಜೆಯ ತುರಿಕೆಯನ್ನೂ ಹೇಳಿದರು, ಸಾಹೇಬನದ್ದನ್ನೂ ಹೇಳಿದರು. "ಮಾವ ಅಳಿಯನಿಗೆ ಏನೋ ಜಗಳ ಇರಬೇಕು" ಎಂದು ಜನ ಮಾತಾಡಿಕೊಂಡರು. ಆ ಚಳಿ ಮುಗಿಯುವಾಗ ಸಾಹೇಬನ ಜೂಲು ಮತ್ತೆ ಬೆಳೆದಿತ್ತು. ನಮ್ಮ ಓಣಿಯಿಂದಲೇ ಕುದುರೆಗಳು ಅಲ್ಲಿಗೆ ಹೋದವು. ಅತ್ತಿಗೆ ತವರಿಗೆ ಬರುವುದನ್ನು ನಿಲ್ಲಿಸಿದರು.

ತುಂಟಿಯ ಗಾಯ ಈಗ ಮಾಸಿದೆ. ಆದರೆ ಕತ್ತಿನ ಚರ್ಮ ದಪ್ಪಗಟ್ಟಿಹೋಗಿದೆ. ಕೊರಳಿಗೆ ಪಟ್ಟಾ ಬಿಗಿದರೆ ಒಡೆದು ರಕ್ತ ಬರುತ್ತದೆ. ಅವಳು ಗಾಡಿ ಎಳೆಯುವುದಿಲ್ಲ, ಇನ್ನು ಮುಂದೆ ಎಳೆಯುವುದೂ ಇಲ್ಲ. ಗೆಜ್ಜೆ ದುಡಿದು ಮಗಳನ್ನು ಸಾಕುತ್ತಿದ್ದಾಳೆ. ಗೆಜ್ಜೆಗೆ ಇನ್ನು ಮರಿ ಬೇಡ ಎನ್ನುವುದು ಮನೆಯವರೆಲ್ಲ ಒಪ್ಪಿದ ಮಾತು. ತುಂಟಿಗೂ ಬೇಡ.

ಕುದುರೆ ಸಾಕುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ. ನಿಮ್ಮ ಕುದುರೆ ಸೆಕೆಗಾಲದಲ್ಲಿ ಕತ್ತು, ಬಾಲ ಉಜ್ಜಿಕೊಳ್ಳುತ್ತಿದ್ದರೆ ಎಣ್ಣೆ ಹಚ್ಚಿ ಕಾಯಬೇಡಿ, ಗಾಯವಾಗುವ ಮೊದಲೇ ಪಶುವೈದ್ಯರಿಗೆ ತೋರಿಸಿ. ಮುಂಜಾನೆ, ಸಂಜೆ ಒಳಗೆ ಕಟ್ಟಿ. ಲದ್ದಿ, ಕೆಸರು ಹತ್ತಿರ ನಿಲ್ಲಲು ಬಿಡಬೇಡಿ. ಅದರ ಮೈ ಮುಚ್ಚಿ. ಇಷ್ಟು ಮಾಡಿದರೆ ಅದಕ್ಕೆ ನೆಮ್ಮದಿ ಸಿಗುತ್ತದೆ. ಆದರೆ ಅದರಿಂದ ಮರಿ ಮಾಡಿಸಬೇಡಿ. ಕುದುರೆ ಎಷ್ಟೇ ಚೆಂದ ಇರಲಿ, ಕೊಳ್ಳಲು ಬಂದವರಿಗೆ, ಜೋಡಿ ಕೇಳಿ ಬಂದವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿ.

ನೀವೇ ಜೋಡಿ ಹುಡುಕಿಕೊಂಡು ಹೋಗುವುದಾದರೆ ಚಳಿಯಲ್ಲಿ ಹೋಗಿ ಮೆಚ್ಚಿ ಬರಬೇಡಿ. ನುಸಿ ಏಳುವ ಕಾಲದಲ್ಲಿ ಹೋಗಿ. ಕೂದಲು ಸರಿಸಿ ಬುಡ ನೋಡಿ. ಅದರ ತಾಯಿಯನ್ನೂ ತೋರಿಸಿ ಎಂದು ಕೇಳಿ. ಅವರು ಅಣ್ಣನಾಗಲಿ, ಅಳಿಯನಾಗಲಿ, ಕೇಳಲು ಸಂಕೋಚ ಬೇಡ. ತೋರಿಸುವುದಿಲ್ಲ ಎಂದರೆ, ನಿಮ್ಮ ಕುದುರೆಯ ಹಗ್ಗ ಹಿಡಿದುಕೊಂಡು ಮನೆಗೆ ನಡೆಯಿರಿ.