ಪಕ್ಕದ ಸೀಟಿನ ಕೈ

ಡ್ರೈವಿಂಗ್ ಸ್ಕೂಲಿನ ಕಾರಿಗೆ ಕ್ಯಾಮೆರಾ ಹಾಕಿಸಿದ್ದು ಕಲಿಯುವವರಿಗೆ ಅವರ ತಪ್ಪು ತೋರಿಸಲು. ಅದರ ಒಂದು ಕಣ್ಣು ರಸ್ತೆಯ ಕಡೆಗೆ, ಇನ್ನೊಂದು ಸ್ಟಿಯರಿಂಗ್ ಹಿಡಿದ ಕೈಗಳ ಕಡೆಗೆ. ಅಲ್ಲಿ ಮೇಷ್ಟ್ರಾಗಿದ್ದ ಅವಳ ಗಂಡ ಲಾರಿ ಗುದ್ದಿ ತೀರಿಕೊಂಡ ಮೇಲೆ, ಪಾಠದ ನಡುವೆ ತೂಕಡಿಸಿದನಂತೆ ಎಂಬ ಮಾತು ಬಾಯಿಂದ ಬಾಯಿಗೆ ಹರಡಿತ್ತು. ನಿಜವೇನೆಂದು ತಿಳಿಯಲು, ಆ ದಿನದ ವಿಡಿಯೊ ನೋಡಲೆಂದು ಅವಳು ಸ್ಕೂಲಿನ ಆಫೀಸಿಗೆ ಬಂದಿದ್ದಳು.

"ಬೇಡಮ್ಮಾ, ನಾನೇ ನೋಡಿ ಹೇಳ್ತೀನಿ," ಎಂದ ಮಾಲೀಕ.

"ಹಾಕಿ ಅಣ್ಣ."

ಪರದೆಯ ಮೇಲೆ ರಸ್ತೆ ಓಡುತ್ತಿತ್ತು, ಗಂಡನ ದನಿ ಎಂದಿನಂತೆ ರೇಗಿಸುತ್ತಿತ್ತು. "ಅದು ಗೇರು ತಾಯಿ, ನಿನ್ನ ತಮ್ಮನ ಕಿವಿಯಲ್ಲ. ಮೆಲ್ಲಗೆ." ಕಲಿಯುತ್ತಿದ್ದ ಹುಡುಗಿ ನಕ್ಕಳು. ಅಷ್ಟರಲ್ಲಿ ಎದುರಿನ ಲಾರಿ ಗೆರೆ ದಾಟಿ ಹುಡುಗಿ ಕೂತ ಕಡೆಗೇ ನುಗ್ಗಿತು. ಪಕ್ಕದ ಸೀಟಿನಿಂದ ಅವನ ಕೈ ಬಂದು ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿತು, ಹೊಡೆತ ತನ್ನ ಬದಿಗೆ ಬೀಳುವಂತೆ.

ಮಾಲೀಕ ಕಣ್ಣೊರೆಸಿಕೊಂಡ. "ಈ ಕ್ಯಾಮೆರಾ ಇಲ್ದಿದ್ರೆ ಅವರ ಹೆಸರಿಗೆ ಮಸಿ ಹತ್ತಿರ್ತಿತ್ತು. ಇನ್ನು ಯಾರೂ ತುಟಿಪಿಟಕ್ ಅನ್ನಲ್ಲ."

"ಲಾರಿಯದ್ದೇ ತಪ್ಪು ಅಂತ ಮಾತ್ರ ಹೇಳಿ ಅಣ್ಣ. ಕೈಯ ವಿಷಯ ಬೇಡ."

ತೂಕಡಿಸಿದ್ದರೆ ಗ್ರಹಚಾರವೆಂದು ಅತ್ತು ಸುಮ್ಮನಾಗಬಹುದಿತ್ತು ಎಂದು ಅವಳಿಗೆ ದಾರಿಯುದ್ದಕ್ಕೂ ಅನ್ನಿಸಿತು.

ಅತ್ತೆ ಬಾಗಿಲಲ್ಲೇ ಕಾದಿದ್ದರು. "ನನ್ನ ಮಗ ನಿದ್ದೆ ಮಾಡಿದ್ನೇನೇ?"

"ಇಲ್ಲ ಅತ್ತೆ, ಎಚ್ಚರವಾಗೇ ಇದ್ರು. ಲಾರಿನೇ ಮೇಲೆ ಬಂತು."

"ಹಾಗಾದ್ರೆ ತಪ್ಪಿಸ್ಕೊಳ್ಳೋಕೆ ದಾರಿನೇ ಇರ್ಲಿಲ್ಲ ಅನ್ನು."

"ಇರ್ಲಿಲ್ಲ," ಎಂದು ಅವಳು ಅತ್ತೆಯ ಪಕ್ಕದಲ್ಲಿ ಕೂತಳು.