ಬಶಿಯಲ್ಲಿನ ಹಾಲು

ಕಂಬಳಿಯನ್ನು ಒಳಗೆ ತಂದದ್ದೇ ಯಾಕೂಬ ಮಾಡಿದ ತಪ್ಪು. ಡಾಬಕಾದ ಕುರಿಗಾರ ಧೊಂಡಿಬಾ ಅದನ್ನು ಯಾಕೂಬನ ಚಹಾ ಹೋಟೆಲಿನ ಹೊರಗಟ್ಟೆಯ ಮೇಲಿಟ್ಟು, ಕಾವಲಿಗೆ ತನ್ನ ನಾಯಿ ವಾಘ್ಯಾನನ್ನು ಕೂರಿಸಿ, ಕುರಿಗಳಿಗೆ ಉಪ್ಪು ತರಲು ಔರಾದಿನ ಸಂತೆಯೊಳಗೆ ಹೋಗಿದ್ದ. ಮಳೆ ಹನಿಯತೊಡಗಿತು. ಪಾಪ, ನೆನೆದೀತು ಎಂದು ಯಾಕೂಬ ಕಂಬಳಿಯನ್ನೆತ್ತಿ ಒಳಗಿನ ಬೆಂಚಿನ ಮೇಲೆ ಹಾಕಿದ. ಕುರಿಗಾರರ ನಾಯಿಗೆ ಒಡೆಯನ ಕಂಬಳಿ ಎಲ್ಲಿದೆಯೋ ಅಲ್ಲೇ ಕಾವಲು. ಪ್ರತಿ ಸಂತೆಗೂ ನೀರಿಟ್ಟ ಕೈಯೆಂದು ವಾಘ್ಯಾ ಅವನನ್ನು ಕಚ್ಚಲಿಲ್ಲ. ಹಿಂದೆಯೇ ಬಂದು, ಬೆಂಚು ಹತ್ತಿ, ಕಂಬಳಿಯ ಮೇಲೆ ಕುಳಿತುಬಿಟ್ಟಿತು.

ಚಹಾ ಕುಡಿಯುತ್ತಿದ್ದ ಮುದುಕ ಅಬ್ದುಲ ಅಜೀಜ ತಟ್ಟನೆ ಎದ್ದು ನಿಂತ.

"ಏ ಯಾಕೂಬ, ಇದು ಹೋಟೆಲೊ ಕುರಿ ಹಟ್ಟಿಯೊ? ಮೊದಲ ಹೊರಗ ಹಾಕು ಅದಕ್ಕ!"

ಯಾಕೂಬ ಒಲೆಯ ಬಳಿಯಿಂದ ಒಂದು ಕಟ್ಟಿಗೆ ತೆಗೆದುಕೊಂಡ.

"ಕೈ ಇಳಸು," ಎಂದ ಮೂಲೆಯಲ್ಲಿ ಲಾಠಿ ಹಿಡಿದು ಕುಳಿತಿದ್ದ ಶ್ರೀಪಾದ. "ಹಿಂದೂನ ನಾಯಿಗಿ ಹೊಡೀತಿ?"

ಶ್ರೀಪಾದ ರಜಾಕಾರರ ವಿರುದ್ಧ ಹೋರಾಡಿದವರ ಗಡಿಯಾಚೆಯ ಶಿಬಿರದಿಂದ ಮರಳಿದವನು. ಪೊಲೀಸ್ ಆಕ್ಷನ್ ಮುಗಿದು, ಹಳೆಯ ರಾಜ್ಯ ಬಿದ್ದು ಮೂರು ವಾರವಾಗಿತ್ತು. ಬೇಸಿಗೆಯಲ್ಲಿ ರಜಾಕಾರರು ಅವನ ಮನೆ ಸುಟ್ಟಿದ್ದರು, ಅಣ್ಣ ಒಳಗೇ ಉಳಿದಿದ್ದ. ಸುಟ್ಟವರಲ್ಲಿ ಯಾಕೂಬ ಇರಲಿಲ್ಲ, ಅದು ಶ್ರೀಪಾದನಿಗೂ ಗೊತ್ತು. ಆದರೆ ಸುಟ್ಟವರು ಓಡಿಹೋಗಿದ್ದರು, ಕೈಗೆ ಸಿಕ್ಕವನು ಯಾಕೂಬ.

"ಹಾಂಗಲ್ರಿ ಸಾಹೇಬರ, ಕಂಬಳಿ ನೆನೀತದಂತ ನಾನೇ..."

"ಗಿರಾಕಿ ಅದ ಅದು. ಹಾಲು ಕೊಡು. ನೆಲದ ಮ್ಯಾಲ ಅಲ್ಲ, ಬಶ್ಯಾಗ ಕೊಡು."

ಗಿರಾಕಿಗಳು ಚಹಾ ಸುರಿದುಕೊಂಡು ಕುಡಿಯುವ ಬಶಿ ಅದು. ಹಿಂದೂ ಗಿರಾಕಿಗಳು ಆಗಲೇ ಬರುವುದು ಬಿಟ್ಟಿದ್ದರು, ಶ್ರೀಪಾದ ಬಂದದ್ದೂ ಚಹಾಕ್ಕಲ್ಲ. ನಾಯಿಯ ಎಂಜಲು ಮುಸಲ್ಮಾನರಿಗೆ ಅಶುದ್ಧ, ನಾಯಿ ಬಾಯಿಟ್ಟ ಬಶಿಯ ಹೋಟೆಲಿಗೆ ಅಬ್ದುಲ ಅಜೀಜನಂಥವರೂ ಮತ್ತೆ ಕಾಲಿಡಲಾರರು. ಒಲೆ ಆರಿದರೆ ಮನೆಯಲ್ಲಿ ಹೆಂಡತಿ ಗೌಹರ ಮೂರು ಮಕ್ಕಳಿಗೆ ಏನು ಹಾಕಿಯಾಳು? ಒಲ್ಲೆ ಎನ್ನುವಂತೆಯೂ ಇರಲಿಲ್ಲ. ಇವನು ರಜಾಕಾರರಿಗೆ ಚಹಾ ಕೊಟ್ಟವನು ಎಂದು ಶ್ರೀಪಾದ ಸಂತೆಯಲ್ಲಿ ನಿಂತು ಒಂದು ಕೂಗು ಹಾಕಿದರೆ ಸಾಕು. ಅದಕ್ಕಿಂತ ಸಣ್ಣ ಮಾತಿಗೆ ಆಗ ಮನೆಗಳು ಹೋಗುತ್ತಿದ್ದವು.

ಅವನು ಬಶಿಗೆ ಹಾಲು ಸುರಿದ. ತಂದು ನಾಯಿಯ ಮುಂದಿಟ್ಟ.

ವಾಘ್ಯಾ ಮೂಸಲೂ ಇಲ್ಲ. ಒಡೆಯ ‘ಹೂಂ’ ಅನ್ನದೆ ಏನನ್ನೂ ಮುಟ್ಟುವ ನಾಯಿಯಲ್ಲ ಅದು. ಶ್ರೀಪಾದ ಲಾಠಿಯಿಂದ ಬಶಿಯನ್ನು ಹತ್ತಿರಕ್ಕೆ ಸರಿಸಿದರೆ ಗುರ್ರೆಂದಿತು. ಅಬ್ದುಲ ಅಜೀಜ ಬಾಗಿಲಲ್ಲೇ ನಿಂತಿದ್ದ. ಹೋಗಲು ಧೈರ್ಯವಿಲ್ಲ, ನೋಡಲು ಮನಸ್ಸಿಲ್ಲ.

ಅಷ್ಟರಲ್ಲಿ ಉಪ್ಪಿನ ಚೀಲ ಹೊತ್ತ ಧೊಂಡಿಬಾ ನೀರಿಳಿಸುತ್ತ ಬಂದ.

"ಛಲೋ ಹೊತ್ತಿಗಿ ಬಂದಿ," ಎಂದ ಶ್ರೀಪಾದ. "ಕುಡಿ ಅನ್ನು ಅದಕ್ಕ. ನೀ ಅನ್ನದ ಮುಟ್ಟವಲ್ದು."

ಧೊಂಡಿಬಾ ನಾಯಿಯನ್ನು ನೋಡಿದ, ಬಶಿಯನ್ನು ನೋಡಿದ. ಯಾಕೂಬ ತಲೆ ಎತ್ತಲಿಲ್ಲ.

"ಇದು ಎಂದೂ ಒಳಗ ಬಂದಿಲ್ರಿ ಧಣಿ. ಅದರ ಜಾಗಾ ಹೊರಗ."

"ಅವಾಗ ರಾಜ್ಯ ಬ್ಯಾರೆ ಇತ್ತು. ಈಗ ನಮ್ದು. ಹೂಂ, ಅನ್ನು."

ಲಾಠಿಯ ತುದಿ ನೆಲಕ್ಕೆ ಕುಟ್ಟಿತು. ಧೊಂಡಿಬಾ ಚೀಲವಿಳಿಸಿ ಬೆಂಚಿನ ಬಳಿ ಕುಕ್ಕರಗಾಲಲ್ಲಿ ಕುಳಿತ. ನಾಯಿ ಬಾಲ ಆಡಿಸಿತು. ಅವನ ಮನೆತನದಲ್ಲಿ ನಾಯಿಗೆ ಮೊದಲ ತುತ್ತು ಹಾಕದೆ ಯಾರೂ ಬಾಯಿಗೆ ಅನ್ನವಿಟ್ಟವರಲ್ಲ. ಅವನು ಬಶಿಗೆ ಕೈ ಹಾಕಿದಾಗ ಯಾಕೂಬ ಕಣ್ಣು ಮುಚ್ಚಿಕೊಂಡ.

ಧೊಂಡಿಬಾ ಬಶಿಯನ್ನೆತ್ತಿ, ಒಂದೇ ಉಸಿರಿಗೆ ತಾನೇ ಕುಡಿದ.

"ಹಸಿವ್ಯಾಗಿತ್ರಿ," ಎಂದ. "ಮುಂಜಾನಿಯಿಂದ ಹೊಟ್ಟ್ಯಾಗ ಏನೂ ಇಲ್ಲ."

ಶ್ರೀಪಾದನ ಮುಖ ಕೆಂಪಾಗಿ, ಲಾಠಿ ಮೇಲೆದ್ದು, ಅಲ್ಲೇ ನಿಂತಿತು. ಯಾರನ್ನು ಹೊಡೆಯಬೇಕು? ತಮ್ಮವನನ್ನೇ? ಅವನಿಗೆ ನಗದೆ ಬೇರೆ ದಾರಿಯಿರಲಿಲ್ಲ.

"ನಾಯಿಗಿ ಇಟ್ಟಿದ್ದು ಕುಡದಿ! ನೀನೂ ನಾಯಿನೇ ಬಿಡು."

"ಹೌಂದ್ರಿ," ಎಂದ ಧೊಂಡಿಬಾ.

ನಕ್ಕ ಮೇಲೆ ಮತ್ತೆ ಸಿಟ್ಟು ಮಾಡುವುದು ಕಷ್ಟ. ಶ್ರೀಪಾದ ಮಳೆಯಲ್ಲೇ ಹೊರಟುಹೋದ. ಯಾಕೂಬ ಏನೋ ಹೇಳಲು ಹೋಗಿ, ಬಿಟ್ಟು, ಬಶಿ ಎತ್ತಿಕೊಂಡ. ಧೊಂಡಿಬಾನಿಗೂ ಆ ಮಾತು ಬೇಕಿರಲಿಲ್ಲ. ಅವನಿಗೆ ನಾಚಿಕೆಯಾಗಿತ್ತು, ಯಾಕೂಬನ ಮುಂದಲ್ಲ, ನಾಯಿಯ ಮುಂದೆ.

"ಕುರಿ ದಾರಿ ನೋಡ್ತಿರ್ತಾವ. ಹೋಗ್ತೇನಿ," ಎಂದು ಕಂಬಳಿ ಎಳೆದುಕೊಂಡ.

ಹೊರಗೆ ಸೂರಿನಡಿ ಕುಳಿತು ಬುತ್ತಿ ಬಿಚ್ಚಿ, ರೊಟ್ಟಿಯನ್ನು ಮುರಿಯದೆ ಇಡಿಯಾಗಿ ವಾಘ್ಯಾನ ಮುಂದಿಟ್ಟ. ಅದು ರೊಟ್ಟಿಯನ್ನು ನೋಡಲಿಲ್ಲ. ಮುಂಗಾಲುಗಳನ್ನು ಅವನ ಮೊಣಕಾಲ ಮೇಲಿಟ್ಟು, ಮೀಸೆಗೆ ಅಂಟಿದ್ದ ಹಾಲನ್ನು ನೆಕ್ಕತೊಡಗಿತು. ಧೊಂಡಿಬಾ ಮುಖವನ್ನು ಹಾಗೇ ಹಿಡಿದು ಕುಳಿತ.